ಡೀಸೆಲ್ ಪಂಪ್ ಕಂಡುಹಿಡಿದವರು ಬಾಷ್ ಅವರೇ? ಮೈಕೋ ಲೇಔಟ್ ಹೆಸರಿನ ಹಿಂದಿನ ಕಥೆ

ಬಿಟಿಎಂ ಕಡೆ ಓಡಾಡುವವರಿಗೆಲ್ಲ ಮೈಕೋ ಲೇಔಟ್ ಗೊತ್ತು. ಮೈಕೋ ಅಂದರೆ ಏನು ಎಂದು ಕೇಳಿದರೆ ಮಾತ್ರ ಹಲವರು ತಲೆ ಕೆರೆದುಕೊಳ್ಳುತ್ತಾರೆ. ಅದು ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಚುಟುಕು ಹೆಸರು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಕಂಪನಿ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪ್ ತಯಾರಿಸುತ್ತಿತ್ತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯಿತು.

ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪ್ ಎರಡನ್ನೂ ರಾಬರ್ಟ್ ಬಾಷ್ ಒಬ್ಬರೇ ಕಂಡುಹಿಡಿದರು ಎಂದು ನಂಬಿದವರಿದ್ದಾರೆ. ಇದು ಎಷ್ಟು ನಿಜ? ನೋಡೋಣ.

ಯಾರು ಈ ಬಾಷ್?

ಜರ್ಮನಿಯ ಉಲ್ಮ್ ನಗರದ ಬಳಿಯ ಆಲ್ಬೆಕ್ ಎಂಬ ಹಳ್ಳಿಯಲ್ಲಿ 1861ರ ಸೆಪ್ಟೆಂಬರ್ 23ರಂದು ಹುಟ್ಟಿದರು. 12 ಮಕ್ಕಳಲ್ಲಿ 11ನೆಯವರು. ಸೂಕ್ಷ್ಮ ಯಂತ್ರಗಳ ಕೆಲಸ ಕಲಿತು, ಅಮೆರಿಕದಲ್ಲಿ ಎಡಿಸನ್ ಕಂಪನಿಯಲ್ಲೂ ಇಂಗ್ಲೆಂಡಿನಲ್ಲಿ ಸೀಮೆನ್ಸ್‌ನಲ್ಲೂ ದುಡಿದರು. 1886ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಪುಟ್ಟ ವರ್ಕ್‌ಶಾಪ್ ತೆರೆದಾಗ ಜೊತೆಗಿದ್ದವರು ಒಬ್ಬ ಮೆಕ್ಯಾನಿಕ್ ಮತ್ತು ಒಬ್ಬ ಹುಡುಗ.

ಅವರಿಗೆ ಹೆಸರು ತಂದದ್ದು ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಮ್ಯಾಗ್ನೆಟೊ. 1902ರಲ್ಲಿ ಸ್ಪಾರ್ಕ್ ಪ್ಲಗ್ ಜೊತೆ ಕೆಲಸ ಮಾಡುವ ಹೈ ವೋಲ್ಟೇಜ್ ಮ್ಯಾಗ್ನೆಟೊ ರೂಪಿಸಿದವರು ಅವರ ಎಂಜಿನಿಯರ್ ಗಾಟ್‌ಲೋಬ್ ಹೊನೊಲ್ಡ್. 1906ರಲ್ಲೇ ಬಾಷ್ ತಮ್ಮ ಕಾರ್ಖಾನೆಯಲ್ಲಿ ದಿನಕ್ಕೆ 8 ಗಂಟೆ ಕೆಲಸದ ನಿಯಮ ತಂದರು.

ಹಾಗಾದರೆ ಪಂಪ್?

ಡೀಸೆಲ್ ಎಂಜಿನ್‌ಗೆ ಕಿಡಿ ಬೇಡ. ಗಾಳಿಯನ್ನು ಒತ್ತಿ ಬಿಸಿ ಮಾಡಿ, ಅದರೊಳಗೆ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಮೊದಮೊದಲು ಹೀಗೆ ಚಿಮ್ಮಿಸಲು ದೊಡ್ಡ ಕಂಪ್ರೆಸರ್ ಬೇಕಿತ್ತು. ಅದು ಕಾರಿನಲ್ಲಿ ಹಿಡಿಸುವ ವಸ್ತುವಲ್ಲ. ಕಂಪ್ರೆಸರ್ ಇಲ್ಲದ ಪಂಪ್‌ಗಳನ್ನು ಬೇರೆಯವರೂ ಮಾಡಿ ನೋಡಿದ್ದರು.

ಕಿಡಿಯಿಂದಲೇ ಬೆಳೆದ ಬಾಷ್, ಕಿಡಿ ಬೇಡದ ಎಂಜಿನ್‌ಗಾಗಿ 1922ರಲ್ಲಿ ಪಂಪ್ ಕೆಲಸಕ್ಕೆ ಕೈಹಾಕಿದರು. 1927ರಲ್ಲಿ ಅದರ ಸಾಲು ತಯಾರಿಕೆ ಆರಂಭವಾಯಿತು. 1936ರ ಮರ್ಸಿಡಿಸ್ 260 ಡಿ ಎಂಬ ಡೀಸೆಲ್ ಕಾರಿಗೆ ಬಂದದ್ದು ಇಂಥ ಪಂಪೇ. ಅಂದರೆ ಬಾಷ್ ಒಬ್ಬರೇ ಕಂಡುಹಿಡಿದರು ಎಂಬುದು ತಪ್ಪು. ನಂಬಬಹುದಾದ ಪಂಪನ್ನು ಸಾವಿರಗಟ್ಟಲೆ ಮಾಡಿ ತೋರಿಸಿದ್ದು ಅವರ ಕಂಪನಿ ಎಂಬುದು ಸರಿ.

ಹಿಟ್ಲರ್ ಕಾಲದಲ್ಲಿ ಈ ಕಂಪನಿ ಯುದ್ಧ ಸಾಮಗ್ರಿ ಮಾಡಿತು, ಜನರನ್ನು ಬಲವಂತವಾಗಿ ದುಡಿಸಿಕೊಂಡಿತು. ಇನ್ನೊಂದು ಕಡೆ, ಬಾಷ್ ಮತ್ತು ಅವರ ಆಪ್ತರು ಹಿಟ್ಲರ್ ವಿರೋಧಿಗಳಿಗೆ, ಯಹೂದಿಗಳಿಗೆ ನೆರವಾದರು. ಎರಡೂ ಇತಿಹಾಸವೇ. 1942ರ ಮಾರ್ಚ್ 12ರಂದು ಬಾಷ್ ತೀರಿಕೊಂಡರು. ಮೈಕೋ ಶುರುವಾದದ್ದು ಅದಾಗಿ 9 ವರ್ಷಕ್ಕೆ.

ನಮಗೇಕೆ ಇದು ಮುಖ್ಯ?

ಹಳೆಯ ಜೀಪ್, ಡೀಸೆಲ್ ಅಂಬಾಸಡರ್‌ಗಳನ್ನು ಪ್ರೀತಿಯಿಂದ ಸಾಕುವವರು ಜಯನಗರ, ಬನಶಂಕರಿಯಲ್ಲಿ ಇಂದಿಗೂ ಇದ್ದಾರೆ. ಅವುಗಳ ಮೆಕ್ಯಾನಿಕಲ್ ಪಂಪ್ ಬದಲಿಸುವಾಗ ಮೊದಲು ಸುತ್ತಲಿನ ಕೊಳೆ ತೊಳೆಯಬೇಕು. ಪಂಪಿನೊಳಗಿನ ಸಂದು ಕೆಲವೇ ಮೈಕ್ರಾನ್, ಕೂದಲೆಳೆಗಿಂತ ಎಷ್ಟೋ ಸಣ್ಣದು. ಧೂಳು ಹೋದರೆ ಕೆಟ್ಟಿತು. ಬಿಚ್ಚುವ ಮುನ್ನ ಟೈಮಿಂಗ್ ಗುರುತು ಮಾಡಿಕೊಳ್ಳಬೇಕು, ಹೊಸದನ್ನು ಅದಕ್ಕೇ ಹೊಂದಿಸಬೇಕು. ಕೊನೆಗೆ ಪೈಪಿನೊಳಗಿನ ಗಾಳಿ ತೆಗೆಯಬೇಕು.

ಇನ್ನು ಅಪಾಯದ ವಿಷಯ. ಎಂಜಿನ್ ಓಡುತ್ತಿರುವಾಗ ಬೆರಳಿಟ್ಟು ಲೀಕ್ ಹುಡುಕುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಹಳೆಯ ಪಂಪಿನಲ್ಲೂ ಒತ್ತಡ 100 ಬಾರ್ ದಾಟುತ್ತದೆ. ಕಾರಿನ ಟೈರಿನಲ್ಲಿರುವುದು 2 ಬಾರ್‌ಗಿಂತ ತುಸು ಹೆಚ್ಚು ಅಷ್ಟೇ. ಸೂಜಿಮೊನೆಯಷ್ಟು ತೂತಿನಿಂದ ಬರುವ ಡೀಸೆಲ್ ಚರ್ಮ ಸೀಳಿ ಒಳಗೆ ನುಗ್ಗಬಲ್ಲದು. ಲೀಕ್ ನೋಡಲು ರಟ್ಟಿನ ತುಂಡು ಹಿಡಿಯಿರಿ, ಕನ್ನಡಕ ಹಾಕಿಕೊಳ್ಳಿ, ಕೈ ದೂರ ಇಡಿ.

ಆಕಸ್ಮಿಕವಾಗಿ ಹೊಕ್ಕರೆ? ಮೇಲೆ ಸಣ್ಣ ಚುಕ್ಕೆ ಮಾತ್ರ ಕಾಣಬಹುದು, ಶುರುವಿನಲ್ಲಿ ನೋವೂ ಇಲ್ಲದಿರಬಹುದು. ಅರಿಶಿನ ಹಚ್ಚಿ ಕಾಯಬೇಡಿ. ತಕ್ಷಣ ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಹೊಕ್ಕಿದೆ ಎಂದು ಹೇಳಿ. ತಡವಾದರೆ ಬೆರಳು ಕತ್ತರಿಸಬೇಕಾಗಿ ಬರಬಹುದು.

ಬಾಷ್ ಕಥೆ ಇಷ್ಟವಾದರೆ ಹಂಚಿಕೊಳ್ಳಿ. ಗ್ಯಾರೇಜಿನಲ್ಲಿ ಕೆಲಸ ಮಾಡುವವರು ನಿಮಗೆ ಗೊತ್ತಿದ್ದರೆ, ರಟ್ಟಿನ ತುಂಡಿನ ವಿಷಯವನ್ನು ಮರೆಯದೆ ಕಳಿಸಿ ಎಂಬುದಷ್ಟೇ ನಮ್ಮ ಕೋರಿಕೆ.