ಶೋಕವನ್ನು ಅರಿತ ಅಶೋಕ

ಮಗುವಿಗೆ ಹೆಸರಿಡುವುದು ಎಲ್ಲ ನಾಡುಗಳಲ್ಲಿಯೂ ಒಂದು ಮಂಗಳಕಾರ್ಯ. ಚೀನಾ ದೇಶದ ತಂದೆತಾಯಿಗಳು ಮಗಳ ಹೆಸರಿಗೆ ಹೂವನ್ನೋ ರತ್ನವನ್ನೋ ಸೂಚಿಸುವ ಅಕ್ಷರಗಳನ್ನು ಆರಿಸುವುದುಂಟು. ನಮ್ಮಲ್ಲಿ ಮನೆದೇವರ ಹೆಸರನ್ನೋ ಅಜ್ಜ ಅಜ್ಜಿಯರ ಹೆಸರನ್ನೋ ಇಡುವುದು ರೂಢಿ. ಹೆಸರಿನಲ್ಲಿ ಹೆತ್ತವರ ಹಾರೈಕೆಯು ಅಡಗಿರುತ್ತದೆ. ಭರತಖಂಡದ ಬಹುಭಾಗವನ್ನು ಆಳಿದ ಒಬ್ಬ ಚಕ್ರವರ್ತಿಗೆ ಶೋಕವಿಲ್ಲದವನು ಎಂಬ ಅರ್ಥದ ಹೆಸರಿತ್ತು. ಆದರೆ ಶೋಕವೇ ಅವನ ಬಾಳಿನ ದಿಕ್ಕನ್ನು ಬದಲಿಸಿತು. ಅವನೇ ಮೌರ್ಯವಂಶದ ಅಶೋಕ.

ಅಶೋಕನು ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗ. ಅವನ ನಾಮಕರಣವನ್ನು ಕುರಿತು ಬೌದ್ಧರಲ್ಲಿ ಒಂದು ಕಥೆಯಿದೆ. ಅಂತಃಪುರದ ಸ್ತ್ರೀಯರ ಅಸೂಯೆಯಿಂದ ಬಹುಕಾಲ ನೊಂದಿದ್ದ ತಾಯಿಯು, ಮಗನು ಹುಟ್ಟಿದೊಡನೆ ತನ್ನ ಶೋಕವೆಲ್ಲ ನೀಗಿತೆಂದು ಸಂತೋಷಗೊಂಡು ಅವನಿಗೆ ಈ ಹೆಸರನ್ನಿಟ್ಟಳಂತೆ. ಅಶೋಕವು ಒಂದು ಮರದ ಹೆಸರೂ ಹೌದು. ರಾಮಾಯಣದಲ್ಲಿ ಸೀತೆಯು ದುಃಖಿಸುತ್ತ ಕುಳಿತದ್ದು ಅಶೋಕವನದಲ್ಲಿಯೇ. ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಈ ಹೆಸರಿನ ಅರ್ಥವನ್ನೇ ತನ್ನ ಭಾಷೆಗೆ ತಿರುಗಿಸಿ, ದುಃಖವಿಲ್ಲದ ಅರಸನೆಂದು ಬರೆದನು.

ಕ್ರಿ.ಪೂ. 268ರ ಸುಮಾರಿಗೆ ಅಶೋಕನ ಪಟ್ಟಾಭಿಷೇಕವಾಯಿತು. ಎಂಟು ವರ್ಷಗಳ ತರುವಾಯ ಅವನು ಕಳಿಂಗ ದೇಶವನ್ನು ಗೆದ್ದನು. ಆ ಯುದ್ಧದಲ್ಲಿ ಒಂದು ಲಕ್ಷ ಜನರು ಹತರಾದರು. ಒಂದೂವರೆ ಲಕ್ಷ ಜನರು ಸೆರೆಯಾಗಿ ಸಾಗಿಸಲ್ಪಟ್ಟರು. ಇನ್ನೂ ಅನೇಕರು ಬೇರೆ ಸಂಕಟಗಳಿಂದ ಸತ್ತರು. ಈ ಲೆಕ್ಕವನ್ನು ಬರೆಯಿಸಿದವರು ಅವನ ವೈರಿಗಳಲ್ಲ. ಅವನೇ ತನ್ನ ಶಾಸನದಲ್ಲಿ ಅದನ್ನು ಕೊರೆಯಿಸಿ, ತನಗಾದ ಪಶ್ಚಾತ್ತಾಪವನ್ನು ಲೋಕಕ್ಕೆ ತಿಳಿಸಿದನು. ಗೆದ್ದ ಅರಸನು ತನ್ನ ಗೆಲುವಿಗಾಗಿ ದುಃಖಪಟ್ಟ ಇಂತಹ ನಿದರ್ಶನಗಳು ಚರಿತ್ರೆಯಲ್ಲಿ ಅಪರೂಪ.

ಅಲ್ಲಿಂದ ಮುಂದೆ ಧರ್ಮವಿಜಯವೇ ನಿಜವಾದ ವಿಜಯವೆಂದು ಅವನು ಸಾರಿದನು. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ವ್ಯವಸ್ಥೆ ಮಾಡಿಸಿದನು. ದಾರಿಗಳ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿದನು, ಬಾವಿಗಳನ್ನು ತೋಡಿಸಿದನು. ಸ್ವತಃ ಬೌದ್ಧನಾಗಿದ್ದರೂ ಎಲ್ಲ ಪಂಥಗಳನ್ನು ಗೌರವಿಸಬೇಕೆಂದು ಬೋಧಿಸಿದನು. ಆದರೆ ಅವನು ಕಳಿಂಗವನ್ನು ಹಿಂದಿರುಗಿಸಲಿಲ್ಲ. ಮರಣದಂಡನೆಯನ್ನು ಪೂರ್ತಿಯಾಗಿ ರದ್ದುಗೊಳಿಸಲೂ ಇಲ್ಲ. ಅವನು ಅರಸನಾಗಿಯೇ ಉಳಿದನು. ಅರಸುತನದ ಗುರಿಯನ್ನು ಮಾತ್ರ ಬದಲಿಸಿದನು.

ಕ್ರಿ.ಪೂ. 232ರ ಸುಮಾರಿಗೆ ಅಶೋಕನು ಕಾಲವಾದನು. ಕಾಲಕ್ರಮದಲ್ಲಿ ಅವನ ಶಾಸನಗಳ ಬ್ರಾಹ್ಮೀ ಲಿಪಿಯನ್ನು ಓದಬಲ್ಲವರೇ ಇಲ್ಲವಾದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸನು ಅದನ್ನು ಓದಿದಾಗ ಒಂದು ಹೊಸ ಒಗಟು ಎದುರಾಯಿತು. ಅವುಗಳಲ್ಲಿ ಅರಸನ ನಿಜನಾಮವಿರಲಿಲ್ಲ. ದೇವತೆಗಳಿಗೆ ಪ್ರಿಯನಾದವನು ಎಂಬ ಅರ್ಥದ ದೇವಾನಾಂಪ್ರಿಯ, ಪ್ರೀತಿಯಿಂದ ನೋಡುವವನು ಎಂಬ ಅರ್ಥದ ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಇದ್ದವು. ಇವನು ಸಿಂಹಳದ ಅರಸನಿರಬೇಕೆಂದು ಪ್ರಿನ್ಸೆಪ್ ಮೊದಲು ಭಾವಿಸಿದನು. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಎಂಬುವನು ಅಲ್ಲಿಯ ಪ್ರಾಚೀನ ಪಾಲಿ ಗ್ರಂಥದ ಆಧಾರದಿಂದ, ಪ್ರಿಯದರ್ಶಿಯು ಅಶೋಕನೇ ಎಂದು ತೋರಿಸಿದನು. ಆದರೂ ಅದಕ್ಕೆ ಕಲ್ಲಿನ ಸಾಕ್ಷ್ಯವು ದೊರೆತಿರಲಿಲ್ಲ.

ಆ ಸಾಕ್ಷ್ಯವು ದೊರೆತದ್ದು ನಮ್ಮ ನಾಡಿನಲ್ಲಿ. ರಾಯಚೂರು ಜಿಲ್ಲೆಯಲ್ಲಿ, ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಎಂಬ ಊರಿದೆ. ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಇದು ಚಿನ್ನದ ಅದಿರುಳ್ಳ ಪ್ರದೇಶ. ಪ್ರಸಿದ್ಧವಾದ ಹಟ್ಟಿ ಗಣಿಯು ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಇದೆ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರನು ಮಸ್ಕಿಯ ಬೆಟ್ಟದ ಬಂಡೆಯೊಂದರ ಮೇಲೆ ಪ್ರಾಚೀನ ಅಕ್ಷರಗಳನ್ನು ಕಂಡನು. ಪ್ರಾಕೃತ ಭಾಷೆಯ ಆ ಶಾಸನದಲ್ಲಿ ದೇವಾನಾಂಪ್ರಿಯನೆಂಬ ಬಿರುದಿನ ಜೊತೆಯಲ್ಲಿಯೇ ಅಶೋಕನ ಹೆಸರಿತ್ತು. ಚಿನ್ನದ ನಾಡಿನಲ್ಲಿ ಚಿನ್ನಕ್ಕಿಂತ ಬೆಲೆಯುಳ್ಳ ವಸ್ತುವು ದೊರೆತಂತಾಯಿತು.

ಶಾಸನದ ಹುರುಳೂ ಗಮನಾರ್ಹವಾದುದು. ತಾನು ಬೌದ್ಧನಾಗಿ ಎರಡೂವರೆ ವರ್ಷಗಳು ಕಳೆದುವೆಂದು ಚಕ್ರವರ್ತಿಯು ಇಲ್ಲಿ ಹೇಳಿಕೊಂಡಿದ್ದಾನೆ. ಧರ್ಮದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಟ್ಟರೆ ಸಾಮಾನ್ಯನಿಗೂ ಲಭಿಸುವುದು ಎಂಬುದೇ ಇದರ ತಿರುಳು.

ಮುಂದೆ 1970ರ ದಶಕದಲ್ಲಿ, ತುಂಗಭದ್ರೆಯ ಆಚೆಯ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲಿಯೂ ಅಶೋಕನ ಹೆಸರುಳ್ಳ ಶಾಸನಗಳು ದೊರೆತವು. 1990ರ ದಶಕದಲ್ಲಿ ಸನ್ನತಿಯ ಸಮೀಪದ ಕನಗನಹಳ್ಳಿಯಲ್ಲಿ ಅವನ ಹೆಸರನ್ನು ಕೆತ್ತಿದ ಶಿಲ್ಪವೂ ಬೆಳಕಿಗೆ ಬಂದಿತು.

ಅಶೋಕ ಎಂಬುದು ಇತರರು ಹಾರೈಸಿ ಇಟ್ಟ ಹೆಸರು. ಅವನ ಬಾಳಿನಿಂದ ಶೋಕವು ದೂರವಾಗಲಿಲ್ಲ. ಪರರ ಶೋಕವನ್ನು ತನ್ನದೆಂದು ಬಗೆದು, ಅದನ್ನು ಕಡಿಮೆ ಮಾಡಲು ದುಡಿದುದರಿಂದಲೇ ಆ ಹೆಸರು ಅವನಿಗೆ ಒಪ್ಪಿತು. ಹೆಸರನ್ನು ಹಿರಿಯರು ಇಡುತ್ತಾರೆ; ಅದಕ್ಕೆ ಅರ್ಥವನ್ನು ತುಂಬುವ ಹೊಣೆಯು ಹೆಸರು ಹೊತ್ತವನದು.