ಕಾರ್ಬ್ಯುರೇಟರಿಗೆ ಅಳತೆ ಕೊಟ್ಟ ಮೇಬ್ಯಾಕ್

ಹಂಪಿಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂಬ ಮಾತು ನಮ್ಮ ಸೀಮೆಯ ಹಿರಿಯರ ಬಾಯಲ್ಲಿದೆ. ಯಂತ್ರಗಳಿಗೂ ಈ ಮಾತು ಒಪ್ಪುತ್ತದೆ. ಹಳೆಯ ಪೆಟ್ರೋಲ್ ಲಾರಿಯ ಕಾರ್ಬ್ಯುರೇಟರನ್ನು ಬಿಚ್ಚಿ, ತೊಳೆದು, ಹೊಸ ಕಿಟ್ ಹಾಕಿಸಿದ ಮೇಲೂ ಕೆಲವು ಸಲ ಇಂಜಿನ್ ನಿಂತಲ್ಲೇ ನಡುಗುತ್ತದೆ, ಕರಿಹೊಗೆ ಉಗುಳುತ್ತದೆ, ಶೇಂಗಾ ಚೀಲ ಹೇರಿದೊಡನೆ ಮುಗ್ಗರಿಸುತ್ತದೆ. ಆಗ ಹೊರಗೆ ಕಾಣುವ ಸ್ಕ್ರೂ ತಿರುಗಿಸುತ್ತ ಕೂರುವವರೇ ಹೆಚ್ಚು. ಒಳಗಿನ ಮಟ್ಟ ತಪ್ಪಿದ್ದರೆ ಹೊರಗಿನ ಸ್ಕ್ರೂ ಏನೂ ಮಾಡಲಾರದು. ಈ ಒಳಗಿನ ಮಟ್ಟದ ಮಹತ್ವವನ್ನು ತಿಳಿದು ಇಂದಿನ ರೀತಿಯ ಕಾರ್ಬ್ಯುರೇಟರನ್ನು ರೂಪಿಸಿದವರು ಜರ್ಮನಿಯ ವಿಲ್ಹೆಲ್ಮ್ ಮೇಬ್ಯಾಕ್. ಅವರ ಜೀವನ ತಿಳಿದರೆ ಕಾರ್ಬ್ಯುರೇಟರ್ ಹೊಂದಿಸುವ ಕ್ರಮವೂ ತಿಳಿಯುತ್ತದೆ.

ಮೇಬ್ಯಾಕ್ ಹುಟ್ಟಿದ್ದು 1846ರ ಫೆಬ್ರುವರಿ 9ರಂದು, ಹೈಲ್‌ಬ್ರಾನ್ ಎಂಬ ಊರಿನಲ್ಲಿ. ತಂದೆ ಬಡಗಿ. ಹತ್ತು ವರ್ಷ ತುಂಬುವ ಹೊತ್ತಿಗೆ ಹುಡುಗ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ. ರಾಯ್ಟ್‌ಲಿಂಗೆನ್ ಊರಿನ ಧರ್ಮಸಂಸ್ಥೆಯೊಂದು ಅವನನ್ನು ಸಾಕಿತು. ಆ ಸಂಸ್ಥೆಗೆ ತನ್ನದೇ ಯಂತ್ರದ ಕಾರ್ಖಾನೆ ಇತ್ತು. ಹುಡುಗನ ಕೈಯಲ್ಲಿ ಚಿತ್ರ ಬರೆಯುವ ಕಸುಬಿರುವುದನ್ನು ಕಂಡು ಅವನನ್ನು ನಕ್ಷೆ ಕೋಣೆಗೆ ಹಾಕಿದರು. ಹಗಲು ಕೆಲಸ, ಬಿಡುವಿನಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಪಾಠ. ಹೀಗೆ ಅನಾಥ ಬಾಲಕ ನುರಿತ ನಕ್ಷೆಗಾರನಾದ.

1860ರ ದಶಕದಲ್ಲಿ ಆ ಕಾರ್ಖಾನೆಯ ಉಸ್ತುವಾರಿಗೆ ಬಂದವರು ಗಾಟ್ಲೀಬ್ ಡೈಮ್ಲರ್. ಮೇಬ್ಯಾಕ್‌ಗಿಂತ ಹನ್ನೆರಡು ವರ್ಷ ಹಿರಿಯರು. ಇವರಿಬ್ಬರ ಜೋಡಿ ಡೈಮ್ಲರ್ ಸಾಯುವವರೆಗೂ ಬಿಡಲಿಲ್ಲ. ಡೈಮ್ಲರ್ ಹೋದಲ್ಲಿಗೆ ಮೇಬ್ಯಾಕ್ ಹೋದರು. 1872ರಲ್ಲಿ ಇಬ್ಬರೂ ಡಾಯ್ಟ್ಸ್ ಗ್ಯಾಸ್ ಇಂಜಿನ್ ಕಾರ್ಖಾನೆ ಸೇರಿದರು. ಹೀರುವುದು, ಒತ್ತುವುದು, ಉರಿಸುವುದು, ಹೊರಹಾಕುವುದು ಎಂಬ ನಾಲ್ಕು ಹೊಡೆತದ ಇಂಜಿನ್ ನಿಕೊಲಾಸ್ ಒಟ್ಟೊ ಅವರ ಹೆಸರಿನಲ್ಲಿ 1876ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಅದನ್ನು ಕಾರ್ಖಾನೆಯಲ್ಲಿ ತಯಾರಿಸಲು ತಕ್ಕಂತೆ ತಿದ್ದಿದವರಲ್ಲಿ ಮೇಬ್ಯಾಕ್ ಮುಖ್ಯರು. ಆದರೆ ಆ ಇಂಜಿನ್ ಭಾರವಾದದ್ದು, ಗ್ಯಾಸಿನಿಂದ ನಡೆಯುವಂಥದ್ದು. ಒಂದೇ ಕಡೆ ನಿಂತು ಕೆಲಸ ಮಾಡಬೇಕಾಗಿತ್ತು.

1882ರಲ್ಲಿ ಡೈಮ್ಲರ್ ಕೆಲಸ ಬಿಟ್ಟು ಕಾನ್‌ಸ್ಟಾಟ್ ಊರಿಗೆ ಬಂದು, ಮನೆಯ ತೋಟದ ಗಾಜಿನ ಮನೆಯನ್ನೇ ಕಾರ್ಖಾನೆ ಮಾಡಿದರು. ಮೇಬ್ಯಾಕ್ ಜೊತೆಗೂಡಿದರು. ಇಬ್ಬರೂ ಬಾಗಿಲು ಹಾಕಿಕೊಂಡು ಹಗಲಿರುಳು ಸುತ್ತಿಗೆ ಬಡಿಯುವುದನ್ನು ಕಂಡು ತೋಟದ ಮಾಲಿಗೆ ಇವರು ಖೋಟಾ ನಾಣ್ಯ ಮಾಡುತ್ತಾರೆಂಬ ಅನುಮಾನ ಬಂತು. ಪೊಲೀಸರು ಒಳಹೊಕ್ಕು ನೋಡಿದರೆ ಕಂಡದ್ದು ಇಂಜಿನ್ ಭಾಗಗಳು ಮಾತ್ರ. 1885ರಲ್ಲಿ ಪೆಟ್ರೋಲಿನಿಂದ ನಡೆಯುವ ಹಗುರವಾದ ಇಂಜಿನ್ ಸಿದ್ಧವಾಗಿ, ಮೊದಲು ಎರಡು ಚಕ್ರದ ಗಾಡಿಗೆ, 1886ರಲ್ಲಿ ನಾಲ್ಕು ಚಕ್ರದ ಗಾಡಿಗೆ ಕೂತಿತು.

1890ರಲ್ಲಿ ಡೈಮ್ಲರ್ ಕಂಪನಿ ಹುಟ್ಟಿತು. ದುಡ್ಡು ಹಾಕಿದ ಪಾಲುದಾರರು ಮೇಬ್ಯಾಕ್‌ಗೆ ತಕ್ಕ ಸ್ಥಾನ ಕೊಡಲಿಲ್ಲ. ಅವರು ಮುಂದಿಟ್ಟ ಕರಾರಿಗೆ ಒಪ್ಪದೆ 1891ರಲ್ಲಿ ಮೇಬ್ಯಾಕ್ ಹೊರಬಂದರು. ಡೈಮ್ಲರ್ ಅವರ ಸಹಾಯದಿಂದ ಕಾನ್‌ಸ್ಟಾಟ್‌ನ ಹಳೆಯ ಹೋಟೆಲೊಂದರಲ್ಲಿ ಕೆಲಸ ಮುಂದುವರಿಸಿದರು. ಇಂದಿನ ರೀತಿಯ ಕಾರ್ಬ್ಯುರೇಟರ್ ರೂಪುಗೊಂಡದ್ದು ಆ ಹೋಟೆಲಿನಲ್ಲಿ, 1893ರ ಸುಮಾರಿಗೆ. ಅದೇ ಕಾಲಕ್ಕೆ ಹಂಗೇರಿಯಲ್ಲಿ ಬಾಂಕಿ ಮತ್ತು ಚೊಂಕಾ ಎಂಬಿಬ್ಬರು ಸಹ ಇಂಥದೇ ಸಾಧನ ಮಾಡಿದ್ದರು.

ಅದಕ್ಕೆ ಮುಂಚಿನ ಕಾರ್ಬ್ಯುರೇಟರುಗಳಲ್ಲಿ ಪೆಟ್ರೋಲಿನ ಮೇಲಿಂದ ಗಾಳಿ ಹಾಯಿಸಿ ಆವಿಯನ್ನು ಇಂಜಿನ್ನಿಗೆ ಎಳೆಯುತ್ತಿದ್ದರು. ಬೇಗ ಆರುವ ಅಂಶ ಮೊದಲೇ ಹೋಗಿ ಮಿಶ್ರಣ ಗಳಿಗೆಗೊಂದು ಬಗೆಯಾಗುತ್ತಿತ್ತು. ಮೇಬ್ಯಾಕ್ ಪೆಟ್ರೋಲನ್ನು ಆವಿ ಮಾಡುವ ಬದಲು ಸಿಂಪಡಿಸಿದರು. ಚಿಕ್ಕ ಬಟ್ಟಲಿನಲ್ಲಿ ಪೆಟ್ರೋಲ್. ಅದರ ಮೇಲೆ ತೇಲುವ ಬುರುಡೆ, ಅಂದರೆ ಫ್ಲೋಟ್. ನೀರಿನ ಟ್ಯಾಂಕಿನ ಬಾಲ್ ವಾಲ್ವಿನಂತೆ ಇದು ಮಟ್ಟ ಏರಿದೊಡನೆ ಸೂಜಿಯಿಂದ ದಾರಿ ಮುಚ್ಚುತ್ತದೆ, ಇಳಿದೊಡನೆ ತೆರೆಯುತ್ತದೆ. ಪೆಟ್ರೋಲ್ ಸದಾ ಜೆಟ್ಟಿನ ಬಾಯಿಗಿಂತ ತುಸು ಕೆಳಗೆ ನಿಲ್ಲುತ್ತದೆ. ಇಂಜಿನ್ ಉಸಿರೆಳೆದಾಗ ಗಾಳಿ ರಭಸದಿಂದ ಹಾಯ್ದು, ಜೆಟ್ಟಿನಿಂದ ಪೆಟ್ರೋಲನ್ನು ತುಂತುರಾಗಿ ಎಳೆದುಕೊಳ್ಳುತ್ತದೆ. ತೂಕದಲ್ಲಿ 1 ಭಾಗ ಪೆಟ್ರೋಲಿಗೆ ಸುಮಾರು 15 ಭಾಗ ಗಾಳಿ ಬೇಕು. ಈ ಪ್ರಮಾಣ ನಿಲ್ಲುವುದು ಬಟ್ಟಲಿನ ಮಟ್ಟ ನಿಂತರೆ ಮಾತ್ರ.

1895ರಲ್ಲಿ ಕಂಪನಿ ಇಬ್ಬರನ್ನೂ ಮರಳಿ ಕರೆಯಿತು. ಮರುವರ್ಷ, 1896ರಲ್ಲಿ, ಡೈಮ್ಲರ್ ಕಂಪನಿಯ ಮೊದಲ ಮೋಟಾರು ಲಾರಿ ಹೊರಟಿತು. ಹೋಟೆಲಿನಲ್ಲಿ ರೂಪುಗೊಂಡ ಎರಡು ಸಿಲಿಂಡರಿನ ಇಂಜಿನ್, 4 ಅಶ್ವಶಕ್ತಿ, 1500 ಕಿಲೋ ಹೊರುವ ಸಾಮರ್ಥ್ಯ. 1900ರಲ್ಲಿ ಡೈಮ್ಲರ್ ತೀರಿಕೊಂಡರು. ಅದೇ ಕಾಲಕ್ಕೆ ಮೇಬ್ಯಾಕ್ 35 ಅಶ್ವಶಕ್ತಿಯ ಮರ್ಸಿಡೀಸ್ ಕಾರನ್ನೂ ಜೇನುಗೂಡಿನಂಥ ರೇಡಿಯೇಟರನ್ನೂ ಮಾಡಿದರು. ಆದರೂ ಕಂಪನಿಯಲ್ಲಿ ಮತ್ತೆ ಮೂಲೆಗುಂಪಾಗಿ 1907ರಲ್ಲಿ ಶಾಶ್ವತವಾಗಿ ಹೊರನಡೆದರು. 1909ರಿಂದ ಮಗ ಕಾರ್ಲ್ ಜೊತೆ ಸೇರಿ ಜೆಪ್ಪೆಲಿನ್ ಆಕಾಶನೌಕೆಗಳಿಗೆ ಇಂಜಿನ್ ಒದಗಿಸಿದರು. 1929ರ ಡಿಸೆಂಬರ್ 29ರಂದು, 83ನೆಯ ವಯಸ್ಸಿನಲ್ಲಿ, ಕಾಲವಾದರು. 1954ರಿಂದ 1969ರವರೆಗೆ ನಮ್ಮ ದೇಶದಲ್ಲಿ ತಯಾರಾದ ಟಾಟಾ ಮರ್ಸಿಡೀಸ್ ಲಾರಿಗಳು ಅದೇ ಕಂಪನಿಯ ವಂಶದವು. ಅವು ಡೀಸೆಲ್ ಲಾರಿಗಳಾದ್ದರಿಂದ ಅವುಗಳಲ್ಲಿ ಕಾರ್ಬ್ಯುರೇಟರ್ ಇರಲಿಲ್ಲ.

ಈಗ ಹೊಸ ಪೆಟ್ರೋಲ್ ವಾಹನಗಳಲ್ಲೂ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂದಿದೆ. ಹಳೆಯ ಲಾರಿ, ಜೀಪು ಇಟ್ಟುಕೊಂಡಿರುವ ರೈತರು ಮಾತ್ರ ಮೇಬ್ಯಾಕ್ ತೋರಿದ ಕ್ರಮದಲ್ಲೇ, ಮೊದಲು ಮಟ್ಟ, ಆಮೇಲೆ ಸ್ಕ್ರೂ ಎಂದು ನಡೆಯಬೇಕು.

ಮೊದಲು ಪ್ಲಗ್, ಪಾಯಿಂಟ್, ಟೈಮಿಂಗ್, ವಾಲ್ವ್ ಸಂದು ಸರಿಯಿವೆಯೇ ನೋಡಿರಿ. ಜೆಟ್ಟನ್ನು ಗಾಳಿ ಹೊಡೆದು ಶುಚಿ ಮಾಡಬೇಕೇ ಹೊರತು ತಂತಿ ತೂರಿಸಬಾರದು. ತೂತು ದೊಡ್ಡದಾದರೆ ಅಳತೆ ಕೆಟ್ಟಂತೆಯೇ. ಫ್ಲೋಟ್ ಮಟ್ಟವನ್ನು ಆ ಕಾರ್ಬ್ಯುರೇಟರಿನ ಕೈಪಿಡಿಯಲ್ಲಿರುವ ಅಳತೆಗೆ ಹೊಂದಿಸಿರಿ. ಸೂಜಿ ತನ್ನ ಪೀಠದಲ್ಲಿ ಗಟ್ಟಿಯಾಗಿ ಕೂರಬೇಕು. ಕೂರಿಸಿದ ಮೇಲೆ ಗ್ಯಾಸ್ಕೆಟ್ ಸಂದಿನಲ್ಲಿ ಗಾಳಿ ಸೋರಬಾರದು.

ಆಮೇಲೆ ಮಿಶ್ರಣದ ಸ್ಕ್ರೂ. ಅದನ್ನು ಬೆರಳಿನ ಬಲದಲ್ಲಿ ಮೆಲ್ಲಗೆ ತಳ ಮುಟ್ಟುವವರೆಗೆ ಮುಚ್ಚಿ, ಕೈಪಿಡಿ ಬೇರೆ ಹೇಳದಿದ್ದರೆ ಒಂದೂವರೆ ಸುತ್ತು ಬಿಚ್ಚಿರಿ. ಬಿಗಿಯಾಗಿ ತಿರುಚಿದರೆ ತುದಿ ಹಾಳಾಗುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುತ್ತ ಪ್ರತಿ ಸಲ ತುಸು ಕಾಯಿರಿ. ಒಂದು ಕಡೆಗೆ ಇಂಜಿನ್ ಮುಗ್ಗರಿಸುತ್ತದೆ, ಇನ್ನೊಂದು ಕಡೆಗೆ ಭಾರವಾಗಿ ಒದ್ದಾಡುತ್ತದೆ. ಎರಡರ ನಡುವೆ ನಯವಾಗಿ ಓಡುವ ಜಾಗದಲ್ಲಿ ನಿಲ್ಲಿಸಿ, ನಂತರ ವೇಗದ ಸ್ಕ್ರೂವಿನಿಂದ ನಿಧಾನ ಓಟವನ್ನು ಇಳಿಸಿರಿ. ಒಂದು ಸಲಕ್ಕೆ ಒಂದೇ ಸ್ಕ್ರೂ ಮುಟ್ಟಬೇಕು.

ಕೆಲವು ದಿನ ಓಡಿಸಿ ಪ್ಲಗ್ ಬಿಚ್ಚಿ ನೋಡಿರಿ. ಕರಿಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಕಡಿಮೆ, ತಿಳಿಕಂದು ಬಣ್ಣವಿದ್ದರೆ ಸರಿ. ಪೆಟ್ರೋಲ್ ಕಡಿಮೆ ಮಾಡಿ ಉಳಿಸಿದೆವೆಂದು ಹಿಗ್ಗಬಾರದು. ಅಂಥ ಇಂಜಿನ್ ಕಾದು, ಹೊರೆ ಎಳೆಯುವಾಗ ವಾಲ್ವ್ ಸುಟ್ಟುಕೊಳ್ಳುತ್ತದೆ. ಉಳಿದ ಪೆಟ್ರೋಲಿನ ಬೆಲೆ ವಾಲ್ವ್ ರಿಪೇರಿಗೂ ಸಾಲದು.

ಇನ್ನೊಂದು ಎಚ್ಚರ. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತಿರುತ್ತದೆ. ನಮ್ಮ ಕಡೆ ಬೆಳೆಯುವ ಮೆಕ್ಕೆಜೋಳದಿಂದಲೂ ಎಥನಾಲ್ ತಯಾರಾಗುತ್ತದೆ. ಎಥನಾಲಿನಿಂದ ಮಿಶ್ರಣ ತೆಳುವಾಗುತ್ತದೆ, ಹಳೆಯ ರಬ್ಬರ್ ಭಾಗಗಳು ಕೆಡುತ್ತವೆ, ನೀರಿನ ಪಸೆ ಸೇರುತ್ತದೆ. ಆದ್ದರಿಂದ ಕಿಟ್ ಹಾಕಿಸುವಾಗ ಎಥನಾಲ್ ತಾಳುವ ರಬ್ಬರ್ ಪೈಪು, ವಾಷರುಗಳನ್ನೇ ಕೇಳಿ ಹಾಕಿಸಿರಿ. ಸುಗ್ಗಿಯಾದ ಮೇಲೆ ಲಾರಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರಿನ ಬಟ್ಟಲನ್ನು ಖಾಲಿ ಮಾಡಿಡಿರಿ. ಈ ಕೆಲಸಗಳನ್ನು ಬಯಲಿನಲ್ಲಿ, ಬೀಡಿ ಬೆಂಕಿ ದೂರವಿಟ್ಟು, ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಂಡು ಮಾಡತಕ್ಕದ್ದು.