ಡಾ. ಹೋಮಿ ಜಹಾಂಗೀರ್ ಭಾಭಾ ಮತ್ತು ವಿಕಿರಣ ಮಾಪನ
(ನಾಗರಿಕರ ಮಾಹಿತಿಗಾಗಿ)

ಭಾರತದ ಅಣುಶಕ್ತಿ ಕಾರ್ಯಕ್ರಮದ ಸ್ಥಾಪಕರಾದ ಡಾ. ಹೋಮಿ ಜಹಾಂಗೀರ್ ಭಾಭಾ ಅವರು 1909ರ ಅಕ್ಟೋಬರ್ 30ರಂದು ಮುಂಬಯಿಯ ಪಾರ್ಸಿ ಕುಟುಂಬವೊಂದರಲ್ಲಿ ಜನಿಸಿದರು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ ಭೌತವಿಜ್ಞಾನಿಯಾದರು. 1939ರಲ್ಲಿ ರಜೆಗಾಗಿ ಸ್ವದೇಶಕ್ಕೆ ಬಂದಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾದುದರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಸರ್ ಸಿ.ವಿ. ರಾಮನ್ ಅವರು ಮುಖ್ಯಸ್ಥರಾಗಿದ್ದ ಭೌತಶಾಸ್ತ್ರ ವಿಭಾಗದಲ್ಲಿದ್ದುಕೊಂಡು ವಿಶ್ವಕಿರಣಗಳ ಸಂಶೋಧನೆ ಕೈಗೊಂಡರು. ಗೈಗರ್ ಕೌಂಟರುಗಳನ್ನು ವಿಮಾನದಲ್ಲಿ ಸುಮಾರು 30,000 ಅಡಿ ಎತ್ತರಕ್ಕೆ ಒಯ್ದು, ಬಾಹ್ಯಾಕಾಶದಿಂದ ಬರುವ ನೈಸರ್ಗಿಕ ವಿಕಿರಣವನ್ನು ಅಳೆಯಲಾಯಿತು.

1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದ ಭಾಭಾ ಅವರು 1948ರಲ್ಲಿ ಅಣುಶಕ್ತಿ ಆಯೋಗದ ಪ್ರಥಮ ಅಧ್ಯಕ್ಷರಾದರು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ಸ್ಥಾವರ ಕಾರ್ಯಾರಂಭ ಮಾಡಿತು. ವಿಕಿರಣ ಮೂಲಗಳನ್ನು ಕಾರ್ಮಿಕರಿಗಾಗಲಿ ಇತರರಿಗಾಗಲಿ ಹಾನಿಯಾಗದಂತೆ, ಉಳಿದವರಿಗೆ ಮಾದರಿಯಾಗುವಂತೆ ಬಳಸತಕ್ಕದ್ದೆಂದು 1960ರಲ್ಲಿ ಅವರು ಆದೇಶಿಸಿದರು.

1963ರ ಒಪ್ಪಂದವು ವಾಯುಮಂಡಲದಲ್ಲಿ ಅಣ್ವಸ್ತ್ರ ಪರೀಕ್ಷೆಗಳನ್ನು ನಿಷೇಧಿಸಿದ ನಂತರ ಅವು ಹೆಚ್ಚಾಗಿ ಭೂಗತವಾದವು. ಅಂತಹ ಸ್ಫೋಟಗಳನ್ನು ನೆಲದ ಕಂಪನದಿಂದ ಗುರುತಿಸಲು 1965ರಲ್ಲಿ ಗೌರಿಬಿದನೂರಿನಲ್ಲಿ ಭೂಕಂಪನ ಮಾಪನ ಕೇಂದ್ರ ಸ್ಥಾಪನೆಯಾಯಿತು. 1966ರ ಜನವರಿ 24ರಂದು ಮಾಂಟ್ ಬ್ಲಾಂಕ್ ಪರ್ವತದಲ್ಲಿ ಸಂಭವಿಸಿದ ವಿಮಾನಾಪಘಾತದಲ್ಲಿ ಭಾಭಾ ಅವರು ನಿಧನರಾದರು.

ಅವರ ಕಾಲದಲ್ಲಿ ಸ್ಥಾವರಗಳನ್ನು ನಿರ್ಮಿಸುವ ಹೊಣೆಯೂ ಸುರಕ್ಷತೆಯನ್ನು ಪರಿಶೀಲಿಸುವ ಹೊಣೆಯೂ ಒಂದೇ ಆಡಳಿತದಲ್ಲಿದ್ದವು. ಮೇಲ್ವಿಚಾರಣೆಗಾಗಿ 1983ರ ನವೆಂಬರ್ 15ರಂದು ಅಣುಶಕ್ತಿ ನಿಯಂತ್ರಣ ಮಂಡಳಿಯನ್ನು ರಚಿಸಲಾಯಿತು. ಮಂಡಳಿಗೆ ಸಾಕಷ್ಟು ಸ್ವಾಯತ್ತತೆ ಇಲ್ಲವೆಂದೂ, ದೇಶದ ಬಹುಪಾಲು ವೈದ್ಯಕೀಯ ಎಕ್ಸ್-ರೇ ಘಟಕಗಳು ನೋಂದಣಿಯಾಗಿಲ್ಲವೆಂದೂ ಮಹಾಲೇಖಪಾಲರ 2012ರ ವರದಿ ಎತ್ತಿ ತೋರಿಸಿತು. ಅಳೆಯುವವರ ಅಳತೆಯನ್ನೂ ಮತ್ತೊಬ್ಬರು ಪರಿಶೀಲಿಸಬೇಕೆಂಬುದು ಇದರ ತಾತ್ಪರ್ಯ. ಕೈಗಾದಲ್ಲಿ ಸ್ಥಾವರ ಕಾರ್ಯಾರಂಭ ಮಾಡುವ ಮೊದಲೇ ಪರಿಸರ ಸಮೀಕ್ಷಾ ಪ್ರಯೋಗಾಲಯವನ್ನು ತೆರೆದುದರ ಉದ್ದೇಶವೂ ಸ್ಪಷ್ಟ. ಮೊದಲಿನ ಮಟ್ಟ ದಾಖಲಾಗದಿದ್ದರೆ ನಂತರ ಆದ ಏರಿಕೆಯನ್ನು ನಿರ್ಧರಿಸಲಾಗದು.

ಈ ವಿಷಯ ಚಿಕ್ಕಬಳ್ಳಾಪುರ ಜಿಲ್ಲೆಗೂ ಸಂಬಂಧಿಸಿದೆ. ಜಿಲ್ಲೆಯೂ ಸೇರಿದಂತೆ ರಾಜ್ಯದ ಪೂರ್ವ ಭಾಗದ ಹಲವು ಗ್ರಾಮಗಳ ಅಂತರ್ಜಲದಲ್ಲಿ, ಲೀಟರಿಗೆ 30 ಮೈಕ್ರೋಗ್ರಾಂ ಮಿತಿಗಿಂತ ಹೆಚ್ಚಿನ ಯುರೇನಿಯಂ ಇರುವುದು 2021ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ. ಇದು ಮುಖ್ಯವಾಗಿ ಶಿಲೆಗಳಿಂದ ಸ್ವಾಭಾವಿಕವಾಗಿ ನೀರಿಗೆ ಸೇರುವಂತಹುದು. ದೀರ್ಘಕಾಲ ಸೇವಿಸಿದಲ್ಲಿ ಮೂತ್ರಪಿಂಡಗಳಿಗೆ ತೊಂದರೆಯಾಗಬಹುದು. ನೀರನ್ನು ಕುದಿಸುವುದರಿಂದ ಯುರೇನಿಯಂ ಹೋಗುವುದಿಲ್ಲ.

ಆದುದರಿಂದ ಮೇಲೂರು ಹಾಗೂ ಸುತ್ತಲಿನ ಗ್ರಾಮಗಳ ನಾಗರಿಕರು ಕೊಳವೆಬಾವಿ ನೀರಿನ ಪರೀಕ್ಷೆಗೆ ಅರ್ಜಿ ಸಲ್ಲಿಸುವಾಗ ಯುರೇನಿಯಂ ಅಂಶವನ್ನೂ ಪರೀಕ್ಷಿಸಲಾಗುವುದೇ ಎಂದು ವಿಚಾರಿಸಿಕೊಳ್ಳುವುದು ಒಳಿತು. ಪರೀಕ್ಷಿಸದ ಅಂಶವು ವರದಿಯಲ್ಲಿ ಕಾಣದಿದ್ದ ಮಾತ್ರಕ್ಕೆ ಅದು ನೀರಿನಲ್ಲಿ ಇಲ್ಲವೆಂದು ಭಾವಿಸತಕ್ಕದ್ದಲ್ಲ. ಮಾದರಿ ಸಂಗ್ರಹಿಸಿದ ದಿನಾಂಕ, ಅಳತೆಯ ಮಾನ ಹಾಗೂ ಪ್ರಯೋಗಾಲಯದ ಮಾನ್ಯತೆಯನ್ನು ವರದಿಯಲ್ಲಿ ಗಮನಿಸಿ, ಅದರ ಪ್ರತಿಯನ್ನು ಕಾಯ್ದಿರಿಸಿಕೊಳ್ಳಬೇಕು. ಮುಂದಿನ ಪರೀಕ್ಷೆಯ ಫಲಿತಾಂಶವನ್ನು ಹೋಲಿಸಿ ನೋಡಲು ಆ ಪ್ರತಿಯೇ ಆಧಾರ.